ಅರೆದು ಮಾಡುವ ಬೆಳಕು: ಪೆರೋವ್‌ಸ್ಕೈಟ್ ನ್ಯಾನೋಕ್ರಿಸ್ಟಲ್ ತಯಾರಿಸುವ ಹಂತಗಳು

ಸೀಸಿಯಂ ಬ್ರೋಮೈಡ್ ಬಿಳಿ ಪುಡಿ. ಲೆಡ್ ಬ್ರೋಮೈಡ್ ಕೂಡ ಬಿಳಿ ಪುಡಿ. ಎರಡನ್ನೂ ಸರಿಯಾದ ಪ್ರಮಾಣದಲ್ಲಿ ಮಾರ್ಟರ್‌ಗೆ ಹಾಕಿ ಅರೆಯಿರಿ. ಕೆಲವೇ ನಿಮಿಷಗಳಲ್ಲಿ ಹಳದಿ ಬಣ್ಣ ಕಾಣುತ್ತದೆ. ಇನ್ನೂ ಅರೆದರೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಒಲೆ ಬೇಕಿಲ್ಲ, ದ್ರಾವಕ ಬೇಕಿಲ್ಲ, ನೈಟ್ರೋಜನ್ ಸಿಲಿಂಡರ್ ಬೇಕಿಲ್ಲ. ಆ ಕಿತ್ತಳೆ ಪುಡಿಯೇ ಸೀಸಿಯಂ ಲೆಡ್ ಬ್ರೋಮೈಡ್, ಅಂದರೆ ಹಸಿರು ಬೆಳಕು ಕೊಡುವ ಪೆರೋವ್‌ಸ್ಕೈಟ್ (ಇದು ಒಂದು ಬಗೆಯ ಹರಳಿನ ರಚನೆಯ ಹೆಸರು).

ತುಂಬ ಜನ ಇಲ್ಲಿಗೇ ನಿಂತುಬಿಡುತ್ತಾರೆ. ಬಣ್ಣ ಬಂತು, ಕೆಲಸ ಆಯ್ತು ಅಂದುಕೊಳ್ಳುತ್ತಾರೆ. ಬಣ್ಣ ಹೇಳುವುದು ಇಷ್ಟೇ: ಎರಡು ಪುಡಿಗಳ ನಡುವೆ ಕ್ರಿಯೆ ನಡೆದಿದೆ. ಹರಳುಗಳು ನ್ಯಾನೋ ಗಾತ್ರಕ್ಕೆ ಇಳಿದಿವೆಯೇ, ಅವು ಚೆನ್ನಾಗಿ ಬೆಳಗುತ್ತವೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಹರಳಿನ ಮೇಲ್ಮೈಯಲ್ಲಿದೆ. ಹಾಗಾಗಿ ಈ ಲೇಖನದಲ್ಲಿ ಕೆಲಸವನ್ನು ಎರಡು ಭಾಗ ಮಾಡಿದ್ದೇನೆ. ಮೊದಲು ಒಣದಾಗಿ ಅರೆದು ಪೆರೋವ್‌ಸ್ಕೈಟ್ ಮಾಡಿಕೊಳ್ಳುವುದು. ಆಮೇಲೆ ಲಿಗ್ಯಾಂಡ್ (ಹರಳಿನ ಮೇಲ್ಮೈಗೆ ಅಂಟಿ ಹೊದಿಕೆಯಾಗುವ ಅಣು) ಹಾಕಿ ಹಸಿಯಾಗಿ ಅರೆದು ನ್ಯಾನೋಕ್ರಿಸ್ಟಲ್ ಮಾಡುವುದು. ಎಲ್ಲವನ್ನೂ ಒಟ್ಟಿಗೇ ಹಾಕಿ ಒಂದೇ ಸಲಕ್ಕೆ ಮಾಡುವವರೂ ಇದ್ದಾರೆ, ಅದೂ ಆಗುತ್ತದೆ. ಆದರೆ ಹೊಸಬರಿಗೆ ಎರಡು ಹಂತವೇ ಒಳ್ಳೆಯದು. ಎಲ್ಲಿ ಎಡವಟ್ಟಾಯಿತು ಎಂದು ಗೊತ್ತಾಗುತ್ತದೆ.

ಇದು ರಸಾಯನಶಾಸ್ತ್ರ, ಭೌತಶಾಸ್ತ್ರ ಅಥವಾ ಮೆಟೀರಿಯಲ್ಸ್ ಸೈನ್ಸ್ ವಿಭಾಗದ ಲ್ಯಾಬ್‌ನಲ್ಲಿ, ಮಾರ್ಗದರ್ಶಕರ ಒಪ್ಪಿಗೆಯೊಂದಿಗೆ ಕೆಲಸ ಮಾಡುವ ಎಂಎಸ್ಸಿ ಮತ್ತು ಪಿಎಚ್‌ಡಿ ವಿದ್ಯಾರ್ಥಿಗಳಿಗಾಗಿ ಬರೆದದ್ದು. ಮನೆಯಲ್ಲಿ ಮಾಡುವ ಪ್ರಯೋಗ ಖಂಡಿತ ಅಲ್ಲ. ಫ್ಯೂಮ್ ಹುಡ್ ಇಲ್ಲದ ಕಾಲೇಜಿನವರು ಕೊನೆಯ ಕಡೆ ಬರುವ ಸೀಸವಿಲ್ಲದ ಪ್ರಯೋಗವನ್ನು ನೋಡಿ.

ಅರೆಯುವುದೇ ಯಾಕೆ?

ಈ ನ್ಯಾನೋಕ್ರಿಸ್ಟಲ್‌ಗಳಿಗೆ ಹೆಸರು ತಂದುಕೊಟ್ಟದ್ದು 2015ರಲ್ಲಿ ಜ್ಯೂರಿಕ್‌ನ ಇಟಿಎಚ್‌ನಲ್ಲಿ ಮಾಕ್ಸಿಮ್ ಕೊವಾಲೆಂಕೊ ತಂಡ ಪ್ರಕಟಿಸಿದ ಕೆಲಸ. ಅವರು ಬಳಸಿದ್ದು ಹಾಟ್ ಇಂಜೆಕ್ಷನ್ ವಿಧಾನ. ಗಾಳಿ ತೆಗೆದ ಫ್ಲಾಸ್ಕ್‌ನಲ್ಲಿ ಲೆಡ್ ಹ್ಯಾಲೈಡನ್ನು (ಸೀಸದ ಕ್ಲೋರೈಡ್, ಬ್ರೋಮೈಡ್ ಅಥವಾ ಅಯೋಡೈಡ್) ಕರಗಿಸಿ, 140ರಿಂದ 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಸೀಸಿಯಂ ಓಲಿಯೇಟನ್ನು ಥಟ್ಟನೆ ಚುಚ್ಚಿ, ಸೆಕೆಂಡುಗಳಲ್ಲೇ ಐಸ್ ನೀರಿನಲ್ಲಿಟ್ಟು ತಣಿಸಬೇಕು. ಹರಳುಗಳು ಬಹಳ ಅಚ್ಚುಕಟ್ಟಾಗಿ ಬರುತ್ತವೆ. ಆದರೆ ಒಂದು ಸಲಕ್ಕೆ ಸಿಗುವುದು ಸ್ವಲ್ಪವೇ. ಕೈ ಪಳಗಲು ಸಮಯ ಬೇಕು.

ಇನ್ನೊಂದು ದಾರಿಯಲ್ಲಿ ಲವಣಗಳನ್ನು ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್) ನಂಥ ದ್ರಾವಕದಲ್ಲಿ ಕರಗಿಸಿ ಟಾಲ್ವೀನ್‌ಗೆ ಹನಿಸುತ್ತಾರೆ. ಇಲ್ಲಿ ತೊಡಕೆಂದರೆ ಸೀಸಿಯಂ ಬ್ರೋಮೈಡ್ ಡಿಎಂಎಫ್‌ನಲ್ಲಿ ಸರಿಯಾಗಿ ಕರಗುವುದೇ ಇಲ್ಲ. ಮೇಲಾಗಿ ಡಿಎಂಎಫ್ ಆರೋಗ್ಯಕ್ಕೆ ಒಳ್ಳೆಯದಲ್ಲ.

ಅರೆಯುವಾಗ ಕರಗುವಿಕೆಯ ಪ್ರಶ್ನೆಯೇ ಬರುವುದಿಲ್ಲ. ಈ ಹ್ಯಾಲೈಡ್ ಲವಣಗಳು ಮೆತ್ತಗಿನ ಅಯಾನಿಕ್ ಹರಳುಗಳು. ಹ್ಯಾಲೈಡ್ ಅಯಾನುಗಳು ಕೋಣೆಯ ಉಷ್ಣತೆಯಲ್ಲೂ ಹರಳಿನೊಳಗೆ ಸುಲಭವಾಗಿ ಓಡಾಡುತ್ತವೆ. ಹರಳು ಮುರಿದು ಹೊಸ ಮುಖ ತೆರೆದುಕೊಂಡಾಗ, ಆ ಮುಖಕ್ಕೆ ಇನ್ನೊಂದು ಲವಣ ಒತ್ತಿದಾಗ, ಅಲ್ಲೇ ಕ್ರಿಯೆ ನಡೆಯುತ್ತದೆ. ಅದಕ್ಕೇ ಮಾರ್ಟರ್‌ನಲ್ಲಿ ಕೈಯಿಂದ ಅರೆದರೂ ಸಾಕು.

ಭಾರತದಲ್ಲಿ ಈ ದಾರಿಯಲ್ಲಿ ಒಳ್ಳೆಯ ಕೆಲಸ ಆಗಿದೆ. 2017ರಲ್ಲಿ ದೆಹಲಿಯ ಐಐಟಿಯ ಸಮೀರ್ ಸಾಪ್ರಾ ತಂಡ, ದ್ರಾವಕವಿಲ್ಲದೆ ಅರೆದು ಪೆರೋವ್‌ಸ್ಕೈಟ್ ಪುಡಿ ಮತ್ತು ನ್ಯಾನೋಕಣ ಎರಡನ್ನೂ ಮಾಡುವ ವಿಧಾನವನ್ನು ಪ್ರಕಟಿಸಿತು. 2018ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕನಿಷ್ಕ ಬಿಸ್ವಾಸ್ ತಂಡ, ಅರೆಯುವುದರಿಂದಲೇ ಸೀಸಿಯಂ ಲೆಡ್ ಹ್ಯಾಲೈಡ್‌ಗಳನ್ನು ಮಾಡಿ, ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸಿದ್ದನ್ನೂ ಪ್ರಕಟಿಸಿತು. ಅದೇ ವರ್ಷ ಕೊವಾಲೆಂಕೊ ತಂಡವೂ ಹಸಿ ಬಾಲ್ ಮಿಲ್ಲಿಂಗ್‌ನಿಂದ (ತಿರುಗುವ ಜಾರಿನಲ್ಲಿ ಗಟ್ಟಿ ಚೆಂಡುಗಳ ಹೊಡೆತದಿಂದ ಅರೆಯುವುದು) ಚೆನ್ನಾಗಿ ಬೆಳಗುವ ನ್ಯಾನೋಕ್ರಿಸ್ಟಲ್ ಮಾಡಿ ತೋರಿಸಿತು.

ಮೊದಲು ಸೀಸದ ವಿಷಯ

ಈ ಭಾಗವನ್ನು ದಯವಿಟ್ಟು ಬಿಟ್ಟು ಮುಂದೆ ಹೋಗಬೇಡಿ. ಸೀಸ ದೇಹದೊಳಗೆ ಸೇರಿದರೆ ಮೂಳೆಯಲ್ಲಿ ಕೂತು ವರ್ಷಗಟ್ಟಲೆ ಉಳಿಯುತ್ತದೆ. ಮಕ್ಕಳ ಮಿದುಳಿಗೆ, ಗರ್ಭದಲ್ಲಿರುವ ಮಗುವಿಗೆ ಅದು ತುಂಬ ಅಪಾಯ. ಲೆಡ್ ಬ್ರೋಮೈಡ್ ನೀರಿನಲ್ಲಿ ಸ್ವಲ್ಪ ಕರಗುತ್ತದೆ. ಪೆರೋವ್‌ಸ್ಕೈಟ್ ಕೂಡ ನೀರು ತಾಕಿದರೆ ಒಡೆದು ಸೀಸವನ್ನು ಬಿಟ್ಟುಕೊಡುತ್ತದೆ. ಕಲ್ಲಿನಂತೆ ಸುಮ್ಮನೆ ಬಿದ್ದಿರುವ ವಸ್ತು ಇದಲ್ಲ.

ಅರೆಯುವ ವಿಧಾನದಲ್ಲಿ ಅಪಾಯ ಬರುವುದು ಮುಖ್ಯವಾಗಿ ಧೂಳಿನಿಂದ. ನಾವು ಬೇಕೆಂದೇ ಪುಡಿಯನ್ನು ನುಣ್ಣಗೆ ಮಾಡುತ್ತಿದ್ದೇವೆ, ಅಲ್ವಾ? ಹಾಗಾಗಿ ತೂಕ ಮಾಡುವುದು, ಅರೆಯುವುದು, ಜಾರ್ ತೆರೆಯುವುದು ಎಲ್ಲ ಫ್ಯೂಮ್ ಹುಡ್ ಒಳಗೇ ಆಗಬೇಕು. ಹುಡ್‌ನ ಗಾಜನ್ನು ಕೈ ಆಡುವಷ್ಟು ಮಾತ್ರ ಎತ್ತಿ. ತಕ್ಕಡಿ ಹೊರಗಿದ್ದರೆ ಒಂದು ಉಪಾಯ ಇದೆ. ಮುಚ್ಚಳವಿರುವ ಖಾಲಿ ವಯಲನ್ನು ತೂಗಿಕೊಳ್ಳಿ. ಹುಡ್‌ನೊಳಗೆ ಪುಡಿ ತುಂಬಿ ಮುಚ್ಚಿ. ಆಮೇಲೆ ತಂದು ಮತ್ತೆ ತೂಗಿ. ತೆರೆದ ಕಾಗದದ ಮೇಲೆ ಸೀಸದ ಲವಣ ತೂಗುವ ಅಭ್ಯಾಸ ಬೇಡ.

ನೈಟ್ರೈಲ್ ಗ್ಲೌಸ್, ಲ್ಯಾಬ್ ಕೋಟು, ಕನ್ನಡಕ ಇರಲಿ. ಎನ್95 ಮಾಸ್ಕ್ ಹೆಚ್ಚಿನ ರಕ್ಷಣೆ ಕೊಡುತ್ತದೆ, ಆದರೆ ಅದು ಹುಡ್‌ಗೆ ಬದಲಿ ಅಲ್ಲ. ಗ್ಲೌಸ್ ಹಾಕಿದ ಕೈಯಲ್ಲಿ ಮೊಬೈಲ್ ಮುಟ್ಟಬೇಡಿ. ಅದೇ ಮೊಬೈಲ್ ಸಂಜೆ ಮನೆಯಲ್ಲಿ ಮಗುವಿನ ಕೈಗೆ ಹೋಗುತ್ತದೆ. ಪುಡಿ ಚೆಲ್ಲಿದರೆ ಗುಡಿಸಬೇಡಿ, ಒದ್ದೆ ಟಿಶ್ಯೂನಿಂದ ಒರೆಸಿ ಅದನ್ನು ಸೀಸದ ಕಸದ ಡಬ್ಬಿಗೆ ಹಾಕಿ. ಇನ್ನು ಅಡುಗೆ ಮನೆಯ ಮಿಕ್ಸಿ ಜಾರನ್ನೋ ಹಳೆಯ ಕುಟ್ಟಾಣಿಯನ್ನೋ ಇದಕ್ಕೆ ತರುವ ಯೋಚನೆಯೇ ಬೇಡ. ಒಮ್ಮೆ ಸೀಸ ಮುಟ್ಟಿದ ಪಾತ್ರೆ ಮತ್ತೆ ಅಡುಗೆಗೆ ಬರಬಾರದು.

ಸಾಮಾನು ಮತ್ತು ತೂಕ

ಸೀಸಿಯಂ ಬ್ರೋಮೈಡ್ ಮತ್ತು ಲೆಡ್ ಬ್ರೋಮೈಡ್ ಎರಡೂ 99 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಶುದ್ಧವಿರಲಿ. ಲಿಗ್ಯಾಂಡ್‌ಗಳಾಗಿ ಓಲಿಯಿಕ್ ಆಸಿಡ್ ಮತ್ತು ಓಲೈಲಮೀನ್ ಬೇಕು. ದ್ರಾವಕವಾಗಿ ಮೆಸಿಟಿಲೀನ್ ಅಥವಾ ಟಾಲ್ವೀನ್. ತೊಳೆಯಲು ಮೀಥೈಲ್ ಅಸಿಟೇಟ್. ಸಾಧನಗಳಲ್ಲಿ ಅಗೇಟ್ ಮಾರ್ಟರ್, ಇದ್ದರೆ ಪ್ಲಾನೆಟರಿ ಬಾಲ್ ಮಿಲ್, ಸೆಂಟ್ರಿಫ್ಯೂಜ್, 365 ನ್ಯಾನೋಮೀಟರ್‌ನ ಯುವಿ ದೀಪ. ಪಿಂಗಾಣಿ ಮಾರ್ಟರ್ ಬೇಡ. ಅದರ ಒರಟು ಮೈಯಲ್ಲಿ ಪುಡಿ ಹುದುಗಿಕೊಂಡು ಮುಂದಿನ ಸಲ ಬೇರೆ ಬಣ್ಣದ ಸ್ಯಾಂಪಲ್‌ಗೆ ಸೇರಿಕೊಳ್ಳುತ್ತದೆ.

ಸೀಸಿಯಂ ಬ್ರೋಮೈಡ್ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು, ಕಾರವಾರದ ಕಡೆಯ ಲ್ಯಾಬ್‌ಗಳಲ್ಲಿ, ಬಾಟಲಿ ತೆರೆದಿಟ್ಟರೆ ತೂಕವೇ ತಪ್ಪುತ್ತದೆ. 120 ಡಿಗ್ರಿ ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಿ, ಡೆಸಿಕೇಟರ್‌ನಲ್ಲಿ ತಣಿಸಿ, ತಕ್ಷಣ ತೂಗಿ.

ಈಗ ಲೆಕ್ಕ. ಸೀಸಿಯಂ ಬ್ರೋಮೈಡ್‌ನ ಮೋಲಾರ್ ತೂಕ 212.81 ಗ್ರಾಂ, ಲೆಡ್ ಬ್ರೋಮೈಡ್‌ದು 367.01 ಗ್ರಾಂ. ಮಾರ್ಟರ್‌ನಲ್ಲಿ ಅರೆಯಲು 1 ಮಿಲಿಮೋಲ್ ಸಾಕು: 0.213 ಗ್ರಾಂ ಸೀಸಿಯಂ ಬ್ರೋಮೈಡ್, 0.367 ಗ್ರಾಂ ಲೆಡ್ ಬ್ರೋಮೈಡ್. ಒಟ್ಟು 0.580 ಗ್ರಾಂ ಪೆರೋವ್‌ಸ್ಕೈಟ್ ಸಿಗಬೇಕು. ಬಾಲ್ ಮಿಲ್‌ಗೆ 5 ಮಿಲಿಮೋಲ್ ತೆಗೆದುಕೊಳ್ಳಿ: 1.064 ಮತ್ತು 1.835 ಗ್ರಾಂ.

ಈ ತೂಕ ಯಾಕೆ ಇಷ್ಟು ಮುಖ್ಯ? ಇದೇ ಮೂರು ಧಾತುಗಳು ಬೇರೆ ಪ್ರಮಾಣದಲ್ಲಿ ಸೇರಿದರೆ ಬೇರೆ ಸಂಯುಕ್ತವೇ ಆಗುತ್ತದೆ. ಸೀಸಿಯಂ ಬ್ರೋಮೈಡ್ ನಾಲ್ಕು ಪಾಲು, ಲೆಡ್ ಬ್ರೋಮೈಡ್ ಒಂದು ಪಾಲು ಸೇರಿದರೆ 4:1:6ರ (ಸೀಸಿಯಂ, ಸೀಸ, ಬ್ರೋಮಿನ್ ಪರಮಾಣುಗಳ ಅನುಪಾತ) ಸಂಯುಕ್ತ. ಸೀಸಿಯಂ ಬ್ರೋಮೈಡ್ ಒಂದು ಪಾಲಿಗೆ ಲೆಡ್ ಬ್ರೋಮೈಡ್ ಎರಡು ಪಾಲಾದರೆ 1:2:5ರ ಸಂಯುಕ್ತ. ಎರಡೂ ಬಿಳಿ. ಎರಡೂ ನಮಗೆ ಬೇಕಾದ 1:1:3ರ ಪೆರೋವ್‌ಸ್ಕೈಟ್ ಅಲ್ಲ. ತೂಕ ಸ್ವಲ್ಪ ಆಚೀಚೆ ಆದರೂ ಇವು ಬೆರಕೆಯಾಗಿ ಬರುತ್ತವೆ.

ಒಣ ಅರೆತ

ಮಾರ್ಟರ್‌ನಲ್ಲಿ ಮೊದಲು ಲೆಡ್ ಬ್ರೋಮೈಡನ್ನು ಒಂದೆರಡು ನಿಮಿಷ ಅರೆದು ಗಂಟು ಒಡೆಯಿರಿ. ಆಮೇಲೆ ಸೀಸಿಯಂ ಬ್ರೋಮೈಡ್ ಸೇರಿಸಿ. ಕುಟ್ಟಬೇಡಿ, ಪುಡಿ ಹಾರುತ್ತದೆ. ಒತ್ತಿ ಸುತ್ತಿ ಅರೆಯಿರಿ. ಪುಡಿ ಗೋಡೆಗೆ ಮೆತ್ತಿಕೊಳ್ಳುತ್ತ ಹೋಗುತ್ತದೆ. ಐದು ನಿಮಿಷಕ್ಕೊಮ್ಮೆ ಪ್ಲಾಸ್ಟಿಕ್ ಸ್ಪಾಚುಲಾದಿಂದ ಕೆರೆದು ನಡುವಿಗೆ ತನ್ನಿ. ಈ ಕೆರೆಯುವ ಕೆಲಸವನ್ನು ಬೇಜಾರೆಂದು ಬಿಟ್ಟರೆ ಗೋಡೆಯ ಮೇಲಿನ ಪುಡಿ ಕ್ರಿಯೆಗೆ ಸೇರುವುದೇ ಇಲ್ಲ. ಅರ್ಧ ಗಂಟೆ ಸಮಾಧಾನದಿಂದ ಅರೆದರೆ ಎಲ್ಲ ಕಡೆ ಒಂದೇ ಕಿತ್ತಳೆ ಬಣ್ಣ ಬರಬೇಕು. ಬಿಳಿ ಚುಕ್ಕೆ ಉಳಿದಿದ್ದರೆ ಇನ್ನೂ ಅರೆಯಿರಿ.

ಬಾಲ್ ಮಿಲ್ ಇದ್ದರೆ ಕೈಗೆ ವಿಶ್ರಾಂತಿ. ಫಲಿತಾಂಶವೂ ಪ್ರತಿ ಸಲ ಹೆಚ್ಚುಕಮ್ಮಿ ಒಂದೇ ಥರ ಬರುತ್ತದೆ. 50 ಮಿಲಿಲೀಟರ್‌ನ ಜಿರ್ಕೋನಿಯಾ ಜಾರ್, 10 ಮಿಲಿಮೀಟರ್‌ನ ಹತ್ತು ಜಿರ್ಕೋನಿಯಾ ಚೆಂಡು ತೆಗೆದುಕೊಳ್ಳಿ. ಒಂದೊಂದು ಚೆಂಡು ಸುಮಾರು 3 ಗ್ರಾಂ ಇರುತ್ತದೆ. ಹತ್ತು ಸೇರಿ 30 ಗ್ರಾಂಗೂ ಸ್ವಲ್ಪ ಮೇಲೆ. ಮೇಲಿನ ಲೆಕ್ಕದ 2.9 ಗ್ರಾಂ ಪುಡಿಗೆ ಹೋಲಿಸಿದರೆ ಚೆಂಡಿನ ತೂಕ ಹತ್ತು ಹನ್ನೊಂದು ಪಟ್ಟು. ಶುರು ಮಾಡಲು ಇದು ಒಳ್ಳೆಯ ಪ್ರಮಾಣ. ದೊಡ್ಡ ಜಾರಿಗೆ ಚಿಟಿಕೆ ಪುಡಿ ಹಾಕಬೇಡಿ. ಚೆಂಡುಗಳು ಒಂದಕ್ಕೊಂದು ಹೊಡೆದುಕೊಂಡು ಸವೆಯುತ್ತವೆ, ಆ ಸವೆದ ಪುಡಿ ನಿಮ್ಮ ಸ್ಯಾಂಪಲ್‌ಗೆ ಸೇರುತ್ತದೆ. ಸ್ಟೀಲ್ ಜಾರ್ ಬಳಸಿದರೆ ಕಬ್ಬಿಣ ಸೇರಬಹುದು. ಬೆಳಕಿನ ಕೆಲಸಕ್ಕೆ ಜಿರ್ಕೋನಿಯಾವೇ ವಾಸಿ.

ವೇಗ 300 ಆರ್‌ಪಿಎಂ ಇಡಿ. 10 ನಿಮಿಷ ತಿರುಗಲಿ, 5 ನಿಮಿಷ ನಿಲ್ಲಲಿ. ಹೀಗೆ ಒಟ್ಟು ಒಂದು ಗಂಟೆ ಅರೆತ. ನಡುವೆ ಒಮ್ಮೆ ಜಾರ್ ತಣಿದ ಮೇಲೆ ಹುಡ್‌ನೊಳಗೆ ತೆರೆದು ಗೋಡೆ ಕೆರೆಯಿರಿ. ಎದುರುಬದುರಿನ ಜಾರ್‌ಗಳ ತೂಕ ಸಮ ಇರಬೇಕು. ಒಂದೇ ಜಾರಿದ್ದರೆ ಮಿಲ್‌ನ ಕೌಂಟರ್‌ವೇಟ್ ಹೊಂದಿಸಿ.

ಇಲ್ಲಿ ಒಮ್ಮೆ ನಿಂತು ನೋಡಿ

ಪುಡಿಯನ್ನು ಗಾಜಿನ ತುಂಡಿನ ಮೇಲೆ ಹರಡಿ ಯುವಿ ದೀಪದ ಕೆಳಗೆ ಹಿಡಿಯಿರಿ. ಯುವಿ ತಡೆಯುವ ಕನ್ನಡಕ ಹಾಕಿಕೊಳ್ಳಿ. ಹೆಚ್ಚಾಗಿ ಕಾಣುವುದು ಮಂಕು ಹಸಿರು, ಅಥವಾ ಏನೂ ಇಲ್ಲ. ಹೊಸಬರು ಇಲ್ಲಿ ನಿರಾಶರಾಗುತ್ತಾರೆ. ಆಗಬೇಕಿಲ್ಲ. ಒಣ ಪುಡಿಯ ಹರಳುಗಳು ಇನ್ನೂ ದೊಡ್ಡವು, ಅವುಗಳ ಮೇಲ್ಮೈಗೆ ಹೊದಿಕೆ ಇಲ್ಲ. ಒಳಗೆ ಹುಟ್ಟಿದ ಎಲೆಕ್ಟ್ರಾನ್ ಮತ್ತು ಹೋಲ್ (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ) ಜೋಡಿ ಮೇಲ್ಮೈಯ ದೋಷಗಳಲ್ಲಿ ಸಿಕ್ಕಿಕೊಂಡು ಬೆಳಕಿಲ್ಲದೆ ಮುಗಿದುಹೋಗುತ್ತದೆ.

ಇನ್ನೊಂದು ಕಡೆ, ಒಣ ಪುಡಿಯೇ ಜೋರಾಗಿ ಹಸಿರು ಹೊಳೆದರೆ ಖುಷಿಪಡುವ ಮೊದಲು ಅನುಮಾನಪಡಿ. ಸೀಸಿಯಂ ಜಾಸ್ತಿಯಾಗಿ 4:1:6ರ ಬಿಳಿ ಸಂಯುಕ್ತ ಬಂದು, ಅದರೊಳಗೆ ನಮ್ಮ ಪೆರೋವ್‌ಸ್ಕೈಟ್‌ನ ಪುಟ್ಟ ಹರಳುಗಳು ಹುದುಗಿದ್ದರೆ ಹೀಗಾಗುತ್ತದೆ. ಬಿಳಿ ಸಂಯುಕ್ತ ಹೊದಿಕೆಯ ಕೆಲಸ ಮಾಡುತ್ತದೆ. ಪುಡಿಯ ಬಣ್ಣ ಕಿತ್ತಳೆಯ ಬದಲು ತಿಳಿ ಹಳದಿ ಅಥವಾ ಹಸಿರು ಹಳದಿ ಇದ್ದರೆ ಈ ಅನುಮಾನ ಗಟ್ಟಿಯಾಗುತ್ತದೆ. ನೋಡಲು ಚೆಂದ, ಸಂಶೋಧನೆಗೂ ಒಳ್ಳೆಯ ವಿಷಯವೇ. ಆದರೆ ನೀವು ಮಾಡಹೊರಟದ್ದು ಅದಲ್ಲ.

ತೀರ್ಪು ಕೊಡುವುದು ಎಕ್ಸ್‌ಆರ್‌ಡಿ, ಅಂದರೆ ಎಕ್ಸ್ ಕಿರಣ ಹರಳಿನಿಂದ ಚದುರುವ ಕೋನಗಳನ್ನು (ಟೂ ತೀಟಾ) ಅಳೆಯುವ ಪರೀಕ್ಷೆ. ತಾಮ್ರದ ಕೆ ಆಲ್ಫಾ ಕಿರಣದಲ್ಲಿ ಪೆರೋವ್‌ಸ್ಕೈಟ್‌ನ ಮುಖ್ಯ ಶಿಖರಗಳು ಟೂ ತೀಟಾ 15.2, 21.5, 30.7 ಡಿಗ್ರಿಯ ಆಸುಪಾಸು ಬರುತ್ತವೆ. 12.7ರ ಹತ್ತಿರ ಶಿಖರ ಕಂಡರೆ ಅದು 4:1:6. 11.7ರ ಹತ್ತಿರ ಕಂಡರೆ 1:2:5. ಮೊದಲನೆಯದಾದರೆ ಸ್ವಲ್ಪ ಲೆಡ್ ಬ್ರೋಮೈಡ್, ಎರಡನೆಯದಾದರೆ ಸ್ವಲ್ಪ ಸೀಸಿಯಂ ಬ್ರೋಮೈಡ್ ಸೇರಿಸಿ ಮತ್ತೆ ಅರೆದು ಸರಿಪಡಿಸಬಹುದು. ಅರೆಯುವ ವಿಧಾನದಲ್ಲಿ ನನಗೆ ತುಂಬ ಇಷ್ಟವಾಗುವುದು ಇದೇ. ತಪ್ಪಿದ್ದನ್ನು ಚೆಲ್ಲಬೇಕಿಲ್ಲ, ತಿದ್ದಿಕೊಳ್ಳಬಹುದು.

ಎಕ್ಸ್‌ಆರ್‌ಡಿಯಿಂದ ಗಾತ್ರವನ್ನೂ ಅಂದಾಜು ಮಾಡುತ್ತಾರೆ. ಶಿಖರದ ಅಗಲದಿಂದ ಗಾತ್ರ ಲೆಕ್ಕಹಾಕುವ ಶೆರರ್ ಸೂತ್ರದಲ್ಲಿ 30.7 ಡಿಗ್ರಿಯ ಶಿಖರದ ಅಗಲ 0.6 ಡಿಗ್ರಿ ಇದ್ದರೆ ಸುಮಾರು 14 ನ್ಯಾನೋಮೀಟರ್ ಬರುತ್ತದೆ. ಈ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಯಂತ್ರದ ಸ್ವಂತ ಅಗಲವನ್ನು ಕಳೆಯಬೇಕು. ಜೊತೆಗೆ ಅರೆಯುವಾಗ ಹರಳಿನೊಳಗೆ ಒತ್ತಡದ ಸೊಟ್ಟು ಉಳಿಯುತ್ತದೆ, ಅದೂ ಶಿಖರವನ್ನು ಅಗಲ ಮಾಡುತ್ತದೆ. ಹಾಗಾಗಿ ಅರೆದ ಪುಡಿಯಲ್ಲಿ ಶೆರರ್ ಸೂತ್ರ ಗಾತ್ರವನ್ನು ನಿಜಕ್ಕಿಂತ ಚಿಕ್ಕದಾಗಿ ತೋರಿಸುತ್ತದೆ. ಒಂದೇ ಶಿಖರದ ಬದಲು ಹಲವು ಶಿಖರಗಳನ್ನು ಸೇರಿಸಿ ವಿಲಿಯಮ್ಸನ್ ಹಾಲ್ ಗ್ರಾಫ್ ಹಾಕಿದರೆ ಗಾತ್ರ ಮತ್ತು ಸೊಟ್ಟು ಎರಡನ್ನೂ ಬೇರೆ ಮಾಡಬಹುದು.

ಹಸಿ ಅರೆತ: ಬೆಳಕು ಬರುವ ಹಂತ

ಈಗ ಲಿಗ್ಯಾಂಡ್ ಕೆಲಸಕ್ಕೆ ಬರುತ್ತದೆ. ಓಲೈಲಮೀನ್ ಆಮ್ಲದಿಂದ ಪ್ರೋಟಾನ್ ಪಡೆದು ಓಲೈಲಮೋನಿಯಂ ಆಗುತ್ತದೆ. ಅದರ ತಲೆ ಹರಳಿನ ಮೇಲ್ಮೈಯಲ್ಲಿ ಸೀಸಿಯಂ ಇರಬೇಕಾದ ಜಾಗದಲ್ಲಿ ಕೂರುತ್ತದೆ. ಉದ್ದನೆಯ ಎಣ್ಣೆಯಂಥ ಬಾಲ ಹೊರಗೆ ಚಾಚಿಕೊಳ್ಳುತ್ತದೆ. ಇದರಿಂದ ಮೂರು ಉಪಯೋಗ: ಮುರಿದ ಹರಳುಗಳು ಮತ್ತೆ ಅಂಟಿಕೊಳ್ಳುವುದಿಲ್ಲ, ಮೇಲ್ಮೈಯ ದೋಷಗಳು ಮುಚ್ಚುತ್ತವೆ, ಹರಳುಗಳು ಟಾಲ್ವೀನ್‌ನಂಥ ದ್ರಾವಕದಲ್ಲಿ ತೇಲುತ್ತವೆ.

ಜಾರಿನಲ್ಲಿ 0.58 ಗ್ರಾಂ ಒಣ ಪುಡಿ ಹಾಕಿ. 0.4 ಮಿಲಿಲೀಟರ್ ಓಲಿಯಿಕ್ ಆಸಿಡ್, 0.3 ಮಿಲಿಲೀಟರ್ ಓಲೈಲಮೀನ್ ಸೇರಿಸಿ. ಇವು ಆರಂಭಕ್ಕೆ ಇಟ್ಟುಕೊಳ್ಳುವ ಅಳತೆಗಳು. ನಿಮ್ಮ ಮಿಲ್‌ಗೆ, ನಿಮ್ಮ ಬಾಟಲಿಯ ಶುದ್ಧತೆಗೆ ತಕ್ಕಂತೆ ಬದಲಾಗುತ್ತವೆ. ಚಳಿಗಾಲದಲ್ಲಿ ಓಲೈಲಮೀನ್ ಗಟ್ಟಿಯಾಗಿ ಕೂತಿದ್ದರೆ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಿ, ಅಲುಗಾಡಿಸಿ ಅಳೆಯಿರಿ. ಮೇಲಿನ ತೆಳುವಾದ ಭಾಗ ಮಾತ್ರ ತೆಗೆದರೆ ಅದರ ಗುಣವೇ ಬೇರೆ.

ಆಮೇಲೆ ದ್ರಾವಕವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಇದು ದೋಸೆ ಹಿಟ್ಟಿನ ಹದಕ್ಕೆ ಬರಬೇಕು. ನೀರಾದರೆ ಚೆಂಡಿನ ಹೊಡೆತ ಹರಳಿಗೆ ತಾಕದೆ ಜಾರಿಹೋಗುತ್ತದೆ. ಗಟ್ಟಿಯಾದರೆ ಮುದ್ದೆಯಾಗಿ ಒಂದು ಮೂಲೆಗೆ ಮೆತ್ತಿಕೊಳ್ಳುತ್ತದೆ. ಚೆಂಡುಗಳು ಈ ಸಲ ಚಿಕ್ಕವಿರಲಿ, 1ರಿಂದ 3 ಮಿಲಿಮೀಟರ್. ಚಿಕ್ಕ ಚೆಂಡು ಜಾಸ್ತಿ ಇದ್ದರೆ ತಾಗುವ ಬಿಂದುಗಳು ಜಾಸ್ತಿ, ಕಣವೂ ಚಿಕ್ಕದಾಗುತ್ತದೆ.

ದ್ರಾವಕದಲ್ಲಿ ನನ್ನ ಆಯ್ಕೆ ಮೆಸಿಟಿಲೀನ್. ಟಾಲ್ವೀನ್ 111 ಡಿಗ್ರಿಗೆ ಕುದಿಯುತ್ತದೆ. ಅದರ ಆವಿ ಕೋಣೆಯ ಉಷ್ಣತೆಯಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಮೆಸಿಟಿಲೀನ್ ಕುದಿಯುವುದು ಸುಮಾರು 165 ಡಿಗ್ರಿಗೆ. ಮಿಲ್ ತಿರುಗುವಾಗ ಜಾರ್ ಬಿಸಿಯಾಗುತ್ತದೆ, ಒಳಗೆ ಒತ್ತಡ ಏರುತ್ತದೆ. ಯಾವ ದ್ರಾವಕವೇ ಇರಲಿ, ಜಾರ್ ಪೂರ್ತಿ ತಣಿಯದೆ ತೆರೆಯಬೇಡಿ. ಹುಡ್‌ನೊಳಗೆ, ಮುಖ ಹಿಂದಿಟ್ಟು, ಮುಚ್ಚಳವನ್ನು ನಿಧಾನಕ್ಕೆ ಸಡಿಲಿಸಿ.

300 ಆರ್‌ಪಿಎಂನಲ್ಲಿ, ಮೊದಲಿನಂತೆಯೇ ನಿಲ್ಲಿಸಿ ನಿಲ್ಲಿಸಿ, ಒಂದು ಗಂಟೆ ಅರೆಯಿರಿ. ಆಮೇಲೆ ಒಂದು ಹನಿ ತೆಗೆದು 3 ಮಿಲಿಲೀಟರ್ ಟಾಲ್ವೀನ್‌ಗೆ ಹಾಕಿ ಯುವಿ ಕೆಳಗೆ ನೋಡಿ. ಈಗ ಹಸಿರು ಕಾಣಬೇಕು. ಒಣ ಪುಡಿಯ ಮಂಕು ಹಸಿರಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿದರೆ ಮೇಲ್ಮೈಯ ಮಹತ್ವ ಯಾರೂ ಹೇಳದೆ ಅರ್ಥವಾಗುತ್ತದೆ. ಗಂಟೆಗೊಮ್ಮೆ ಹೀಗೆ ಹನಿ ತೆಗೆದು ನೋಡುತ್ತ ಹೋಗಿ. ಹೊಳಪು ಹೆಚ್ಚುವುದು ನಿಂತಾಗ ಅರೆಯುವುದನ್ನೂ ನಿಲ್ಲಿಸಿ. ಜಾಸ್ತಿ ಅರೆದಷ್ಟೂ ಒಳ್ಳೆಯದು ಅಂತೇನಿಲ್ಲ. ಒಂದು ಹಂತದ ನಂತರ ಹೊಡೆತಗಳು ಹೊಸ ದೋಷಗಳನ್ನೇ ಹುಟ್ಟಿಸುತ್ತವೆ.

ಮಿಲ್ ಇಲ್ಲದವರು ಮಾರ್ಟರ್‌ನಲ್ಲೇ ಲಿಗ್ಯಾಂಡ್ ಹಾಕಿ ಅರೆಯಬಹುದು. ಇಳುವರಿ ಕಮ್ಮಿ, ಗಾತ್ರ ಏರುಪೇರು. ಆದರೂ ಬೆಳಗುವ ದ್ರಾವಣ ಸಿಗುತ್ತದೆ.

ತಿಳಿ ಬೇರೆ, ಗಸಿ ಬೇರೆ

ಹಿಟ್ಟನ್ನು 20 ಮಿಲಿಲೀಟರ್ ಟಾಲ್ವೀನ್‌ನಲ್ಲಿ ಕದಡಿ, ಚೆಂಡುಗಳನ್ನು ಜರಡಿ ಹಿಡಿದು ತೆಗೆಯಿರಿ. 4000 ಆರ್‌ಪಿಎಂನಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ದಪ್ಪ ಹರಳು ತಳಕ್ಕೆ ಕೂರುತ್ತವೆ. ನ್ಯಾನೋಕ್ರಿಸ್ಟಲ್ ಇರುವುದು ಮೇಲಿನ ತಿಳಿಯಲ್ಲಿ. ಅದನ್ನು ಉಳಿಸಿಕೊಳ್ಳಿ. ಗಸಿಯನ್ನೂ ಚೆಲ್ಲಬೇಡಿ, ಮತ್ತೊಮ್ಮೆ ಹಸಿ ಅರೆತಕ್ಕೆ ಹಾಕಬಹುದು.

ತಿಳಿಯಲ್ಲಿ ಹೆಚ್ಚುವರಿ ಲಿಗ್ಯಾಂಡ್ ಇರುತ್ತದೆ. ತೆಗೆಯಬೇಕಿದ್ದರೆ ಮೀಥೈಲ್ ಅಸಿಟೇಟ್ ಹನಿಹನಿಯಾಗಿ ಸೇರಿಸಿ. ದ್ರಾವಣ ಮಬ್ಬಾದ ಕೂಡಲೇ ನಿಲ್ಲಿಸಿ 8000 ಆರ್‌ಪಿಎಂನಲ್ಲಿ ಸೆಂಟ್ರಿಫ್ಯೂಜ್ ಮಾಡಿ. ಈ ಸಲ ನ್ಯಾನೋಕ್ರಿಸ್ಟಲ್ ತಳದಲ್ಲಿರುತ್ತವೆ, ಅವನ್ನು ಹೊಸ ಟಾಲ್ವೀನ್‌ನಲ್ಲಿ ಕದಡಿ. ಬೇರೆ ನ್ಯಾನೋಕಣಗಳನ್ನು ತೊಳೆಯುವ ಅಭ್ಯಾಸದಲ್ಲಿ ಎಥನಾಲ್, ಮೆಥನಾಲ್, ಅಸಿಟೋನ್ ಕಡೆ ಕೈ ಹೋಗುತ್ತದೆ. ಇಲ್ಲಿ ಬೇಡ. ಅವು ಲಿಗ್ಯಾಂಡನ್ನು ಕಿತ್ತುಹಾಕಿ, ಹರಳನ್ನೂ ಹಾಳುಮಾಡುತ್ತವೆ. ತೊಳೆಯುವುದು ಒಮ್ಮೆ ಸಾಕು.

ಬೆಳಕನ್ನು ಅಳೆಯುವುದು

ದ್ರಾವಣವನ್ನು ಚೆನ್ನಾಗಿ ತೆಳು ಮಾಡಿ ಅಳೆಯಿರಿ. ಗಾಢವಾಗಿದ್ದರೆ ಒಂದು ಹರಳು ಬಿಟ್ಟ ಬೆಳಕನ್ನು ಪಕ್ಕದ್ದು ಹೀರಿ ಮತ್ತೆ ಬಿಡುತ್ತದೆ. ಶಿಖರ ಕೆಂಪಿನ ಕಡೆಗೆ ಸರಿದಂತೆ ಕಾಣುತ್ತದೆ. ಪ್ರಚೋದನೆಯ ತರಂಗದಲ್ಲಿ ಅಬ್ಸಾರ್ಬನ್ಸ್ 0.1ಕ್ಕಿಂತ ಕಮ್ಮಿ ಇರಲಿ.

ಒಳ್ಳೆಯ ಸ್ಯಾಂಪಲ್‌ನಲ್ಲಿ ಹೊಮ್ಮುವ ಬೆಳಕಿನ ಶಿಖರ 510ರಿಂದ 520 ನ್ಯಾನೋಮೀಟರ್ ನಡುವೆ ಇರುತ್ತದೆ. ಅರ್ಧ ಎತ್ತರದಲ್ಲಿ ಅಗಲ ಸುಮಾರು 20 ನ್ಯಾನೋಮೀಟರ್. ಈ ಕಿರಿದಾದ ಅಗಲವೇ ಟಿವಿ ಪರದೆ ಮಾಡುವವರಿಗೆ ಈ ವಸ್ತುವಿನ ಮೇಲಿರುವ ಆಸೆಗೆ ಕಾರಣ, ಬಣ್ಣ ಅಷ್ಟು ಶುದ್ಧ. ಹರಳು 7 ನ್ಯಾನೋಮೀಟರ್‌ಗಿಂತ ಚಿಕ್ಕದಾದರೆ ಕ್ವಾಂಟಮ್ ಪರಿಣಾಮ ಬಲವಾಗಿ, ಬಣ್ಣ ನೀಲಿಯ ಕಡೆ ಸರಿಯುತ್ತದೆ. 525ರಿಂದ ಆಚೆ ಶಿಖರ ಬಂದರೆ ದಪ್ಪ ಹರಳು ಉಳಿದಿವೆ ಎಂದರ್ಥ. 460ರ ಹತ್ತಿರ ಇನ್ನೊಂದು ಪುಟ್ಟ ಶಿಖರ ಕಂಡರೆ ಲಿಗ್ಯಾಂಡ್ ಹೆಚ್ಚಾಗಿ ತೆಳು ಹಾಳೆಯಂಥ ಹರಳುಗಳು ಬಂದಿವೆ.

ಕ್ವಾಂಟಮ್ ಯೀಲ್ಡ್, ಅಂದರೆ ಹೀರಿದ ಫೋಟಾನ್‌ಗಳಲ್ಲಿ ಎಷ್ಟು ಪಾಲು ಬೆಳಕಾಗಿ ಹೊರಬಂತು ಎಂಬುದನ್ನು ಇಂಟಿಗ್ರೇಟಿಂಗ್ ಸ್ಫಿಯರ್‌ನಲ್ಲಿ (ಎಲ್ಲ ದಿಕ್ಕಿನ ಬೆಳಕನ್ನೂ ಒಟ್ಟುಗೂಡಿಸುವ ಟೊಳ್ಳು ಗೋಳ) ಅಳೆಯುವುದು ಉತ್ತಮ. ಇಲ್ಲದಿದ್ದರೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸಿದ ಫ್ಲೋರೆಸಿನ್ ಜೊತೆ ಹೋಲಿಸಿ. ಅದರ ಯೀಲ್ಡ್ 0.92ರಿಂದ 0.95. ಇಲ್ಲಿ ದ್ರಾವಕದ ವಕ್ರೀಭವನ ಸೂಚ್ಯಂಕದ ವರ್ಗವನ್ನು ಲೆಕ್ಕಕ್ಕೆ ಸೇರಿಸಲು ಮರೆಯಬೇಡಿ. ಟಾಲ್ವೀನ್‌ದು 1.497, ನೀರಿನದು 1.333. ಬರೀ ಇದೊಂದರಿಂದಲೇ ಉತ್ತರದಲ್ಲಿ 26 ಶೇಕಡಾ ವ್ಯತ್ಯಾಸ ಬರುತ್ತದೆ.

ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರದಲ್ಲಿ ಹರಳುಗಳ ಮೇಲೆ ಕಪ್ಪು ಚುಕ್ಕೆಗಳು ಕಂಡರೆ ಗಾಬರಿ ಬೇಡ. ಎಲೆಕ್ಟ್ರಾನ್ ಕಿರಣ ತಾಕಿ ಸೀಸ ಲೋಹವಾಗಿ ಹೊರಬಂದಿರುವುದು ಅದು. ಕಿರಣದ ತೀವ್ರತೆ ಇಳಿಸಿ, ಬೇಗ ಚಿತ್ರ ತೆಗೆಯಿರಿ.

ಹೊಳಪು ಬರಲಿಲ್ಲ, ಏನು ಮಾಡಲಿ?

ಮೊದಲು ಬಣ್ಣ ನೋಡಿ. ಹಸಿ ಅರೆತದ ನಂತರ ಕಿತ್ತಳೆ ಮಾಯವಾಗಿ ದ್ರಾವಣ ಬಿಳುಪಾಗಿದ್ದರೆ ಓಲೈಲಮೀನ್ ಜಾಸ್ತಿಯಾಗಿದೆ. ಅಮೀನ್ ಹರಳಿನಿಂದ ಲೆಡ್ ಬ್ರೋಮೈಡನ್ನು ಎಳೆದುಕೊಳ್ಳುತ್ತದೆ. ಉಳಿಯುವುದು 4:1:6ರ ಬಿಳಿ ಸಂಯುಕ್ತ. ಅಮೀನ್ ಅರ್ಧಕ್ಕಿಳಿಸಿ, ಆಸಿಡ್ ಹಾಗೇ ಇಡಿ.

ಬಣ್ಣ ಸರಿಯಿದ್ದೂ ಹೊಳಪು ಮಂಕಾಗಿದ್ದರೆ ಬಹುಪಾಲು ಮೇಲ್ಮೈಯಲ್ಲಿ ಬ್ರೋಮೈಡ್ ಕೊರತೆ. ಎರಡು ಲವಣಗಳನ್ನು 1:1 ಸೇರಿಸಿದಾಗ ಒಟ್ಟು ಬ್ರೋಮೈಡ್ ಸರಿಯಾಗಿ ಮೂರೇ. ಆದರೆ ಪುಟ್ಟ ಹರಳಿನ ಮೇಲ್ಮೈಗೆ ಇನ್ನೂ ಸ್ವಲ್ಪ ಬೇಕು. ಡೈಡೋಡೆಸೈಲ್‌ಡೈಮೀಥೈಲ್ ಅಮೋನಿಯಂ ಬ್ರೋಮೈಡನ್ನು ಟಾಲ್ವೀನ್‌ನಲ್ಲಿ ಕರಗಿಸಿ ಒಂದೆರಡು ಹನಿ ಸೇರಿಸಿ ಅಲುಗಾಡಿಸಿ. ಕೊರತೆ ಅದೇ ಆಗಿದ್ದರೆ ಕಣ್ಣೆದುರೇ ಹೊಳಪು ಏರುತ್ತದೆ. ಮೊದಲ ಎರಡು ಹನಿಗೇ ನಿಲ್ಲಿಸಿ, ಇದೂ ಹೆಚ್ಚಾದರೆ ಹರಳು ಕೆಡುತ್ತದೆ.

ಬೇರೆ ಬಣ್ಣಗಳು

ಬ್ರೋಮೈಡ್ ಬದಲು ಕ್ಲೋರೈಡ್ ಇಟ್ಟರೆ ಬೆಳಕು 410 ನ್ಯಾನೋಮೀಟರ್‌ನ ನೇರಳೆ. ಅಯೋಡೈಡ್ ಇಟ್ಟರೆ 700ರ ಹತ್ತಿರದ ಕಡುಗೆಂಪು. ನಡುವಿನ ಬಣ್ಣಗಳಿಗೆ ಮಿಶ್ರಣ. ಬೇರೆ ಬೇರೆ ಮಾಡಿಟ್ಟ ಕ್ಲೋರೈಡ್ ಪುಡಿ ಮತ್ತು ಬ್ರೋಮೈಡ್ ಪುಡಿಯನ್ನು ಒಟ್ಟಿಗೆ ಅರೆದರೂ ಸಾಕು, ಹ್ಯಾಲೈಡ್‌ಗಳು ತಾವೇ ಬೆರೆತುಕೊಳ್ಳುತ್ತವೆ.

ಅಯೋಡೈಡ್ ಮಾತ್ರ ಹಟಮಾರಿ. ಸೀಸಿಯಂ ಲೆಡ್ ಅಯೋಡೈಡ್ ಕೋಣೆಯ ಉಷ್ಣತೆಯಲ್ಲಿ ಹಳದಿ ರೂಪಕ್ಕೆ ಹೋಗಿಬಿಡುತ್ತದೆ. ಆ ರೂಪ ಪೆರೋವ್‌ಸ್ಕೈಟ್ ಅಲ್ಲ, ಕೆಂಪು ಬೆಳಕೂ ಕೊಡುವುದಿಲ್ಲ. ತೇವ ಇದ್ದರೆ ಇನ್ನೂ ಬೇಗ. ಮೊದಲ ಪ್ರಯತ್ನಕ್ಕೆ ಹಸಿರೇ ಸರಿ.

ಸೀಸ ಬೇಡ ಅನ್ನುವ ಕಾಲೇಜುಗಳಿಗೆ

ಸೀಸಿಯಂ ಅಯೋಡೈಡ್ ಮತ್ತು ಕಾಪರ್(I) ಅಯೋಡೈಡನ್ನು 3:2 ಮೋಲ್ ಪ್ರಮಾಣದಲ್ಲಿ ಅರೆದರೆ ನೀಲಿ ಬೆಳಕು ಕೊಡುವ ಪುಡಿ ಸಿಗುತ್ತದೆ. ತೂಕ: 0.779 ಗ್ರಾಂ ಸೀಸಿಯಂ ಅಯೋಡೈಡ್, 0.381 ಗ್ರಾಂ ಕಾಪರ್ ಅಯೋಡೈಡ್. ಬೆಳಕಿನ ಶಿಖರ 440 ನ್ಯಾನೋಮೀಟರ್ ಆಸುಪಾಸು. ಇದರ ರಚನೆ ಪೆರೋವ್‌ಸ್ಕೈಟ್‌ನದ್ದಲ್ಲ, ಆದರೆ ಅದೇ ಹ್ಯಾಲೈಡ್ ಬಳಗದ್ದು. ಒಂದು ದೊಡ್ಡ ಅನುಕೂಲ ಇದೆ: ಒಣ ಪುಡಿಯೇ ಚೆನ್ನಾಗಿ ಬೆಳಗುತ್ತದೆ. ಪ್ರಮಾಣವನ್ನು 1:2 ಮಾಡಿದರೆ ಹಳದಿ ಬೆಳಕಿನ ಇನ್ನೊಂದು ಸಂಯುಕ್ತ ಬರುತ್ತದೆ. ಪ್ರಮಾಣ ಬದಲಾದರೆ ವಸ್ತುವೇ ಬದಲಾಗುತ್ತದೆ ಎಂದು ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ.

ನೀಲಿ ಪುಡಿ 365ರ ದೀಪಕ್ಕೆ ಸ್ಪಂದಿಸುವುದಿಲ್ಲ, 254 ನ್ಯಾನೋಮೀಟರ್ ದೀಪ ಬೇಕು. ಆ ಕಿರಣ ಕಣ್ಣು, ಚರ್ಮ ಎರಡನ್ನೂ ಸುಡುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ದೀಪ ಇಟ್ಟು, ಗಾಜಿನ ಕಿಟಕಿಯಿಂದ ನೋಡುವ ವ್ಯವಸ್ಥೆ ಮಾಡಿ. ಸಾಮಾನ್ಯ ಗಾಜು 254ನ್ನು ತಡೆಯುತ್ತದೆ. ಅದಕ್ಕೇ ಸ್ಯಾಂಪಲ್ಲನ್ನು ಮಾತ್ರ ಗಾಜಿನ ವಯಲ್‌ನಲ್ಲಿ ಇಡಬಾರದು, ತೆರೆದ ತಟ್ಟೆಯಲ್ಲಿ ಇಡಬೇಕು. ಮಾಸ್ಕ್, ಗ್ಲೌಸ್ ಇಲ್ಲೂ ಬೇಕು.

ಇಟ್ಟುಕೊಳ್ಳುವುದು, ವಿಲೇವಾರಿ ಮಾಡುವುದು

ದ್ರಾವಣವನ್ನು ಬಿಗಿಯಾದ ಗಾಜಿನ ವಯಲ್‌ನಲ್ಲಿ, ಕತ್ತಲಲ್ಲಿ ಇಡಿ. ಹೆಚ್ಚು ದಿನ ಉಳಿಯಬೇಕಿದ್ದರೆ ಪಾಲಿಸ್ಟೈರೀನನ್ನು ಟಾಲ್ವೀನ್‌ನಲ್ಲಿ ಕರಗಿಸಿ, ನ್ಯಾನೋಕ್ರಿಸ್ಟಲ್ ದ್ರಾವಣ ಬೆರೆಸಿ, ಗಾಜಿನ ಮೇಲೆ ಸುರಿದು ಹುಡ್‌ನೊಳಗೆ ಒಣಗಲು ಬಿಡಿ. ಸಿಗುವ ಪದರ ತೇವವನ್ನು ಚೆನ್ನಾಗಿ ತಡೆಯುತ್ತದೆ. ನೀಲಿ ಎಲ್ಇಡಿ ಮೇಲೆ ಹಿಡಿದರೆ ಹಸಿರಾಗಿ ಬೆಳಗುತ್ತದೆ.

ಜಾರ್ ತೊಳೆಯಲು ಒಣ ಕಲ್ಲುಪ್ಪು ಹಾಕಿ 10 ನಿಮಿಷ ಮಿಲ್ ತಿರುಗಿಸಿ, ಉಪ್ಪನ್ನು ಸೀಸದ ಘನ ಕಸಕ್ಕೆ ಹಾಕಿ. ಆಮೇಲೆ ಎಥನಾಲ್‌ನಿಂದ ತೊಳೆಯಿರಿ, ಆ ತೊಳೆದದ್ದು ದ್ರವ ಕಸಕ್ಕೆ. ಟಿಶ್ಯೂ, ಗ್ಲೌಸ್, ಸೆಂಟ್ರಿಫ್ಯೂಜ್ ಟ್ಯೂಬ್ ಎಲ್ಲವೂ ಸೀಸದ ಕಸವೇ. ಒಂದು ತೊಟ್ಟೂ ಸಿಂಕ್‌ಗೆ ಹೋಗಬಾರದು. ಡಬ್ಬಿಯ ಮೇಲೆ ಸೀಸ ಎಂದು ಕನ್ನಡದಲ್ಲೂ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಲ್ಯಾಬ್ ಸ್ವಚ್ಛ ಮಾಡಲು ಬರುವವರಿಗೆ ಅದನ್ನು ತೋರಿಸಿ, ಮುಟ್ಟಬಾರದೆಂದು ಬಾಯಿಬಿಟ್ಟು ಹೇಳಿ. ಡಬ್ಬಿ ಮುಕ್ಕಾಲು ತುಂಬಿದಾಗ ಸಂಸ್ಥೆಯ ಅಪಾಯಕಾರಿ ತ್ಯಾಜ್ಯ ನೋಡಿಕೊಳ್ಳುವವರಿಗೆ ತೂಕ ಮತ್ತು ತಾರೀಕು ಬರೆದು ಒಪ್ಪಿಸಿ.